ತಾಟಿನಗುಡ್ಡಕ್ಕೆ ಆ ಹೆಸರು ಬಂದದ್ದು

ಬಾ ತಂಗಿ ಮಂದಾಕಿನಿ, ಬಿಸಿಲಿಗೆ ನಿಲ್ಲಬೇಡ, ಈ ಬೇವಿನ ನೆರಳಿಗೆ ಸರಿದು ಕೂಡು. ಸೊಲ್ಲಾಪುರದಿಂದ ಬಂದವಳು, ಮೊದಲು ನೀರು ಕುಡಿ. ನಿನ್ನ ಕೈಯಲ್ಲಿರುವ ಕಾಗದ ಓದಲು ನನಗೆ ಬಾರದು. ಹಳೆಯ ದಫ್ತರದಲ್ಲಿ ಸಿಕ್ಕಿತೆಂದೆ ನೀನು; ‘ಗುಡದಳ್ಳಿಯ ಕನ್ನಡಿಯವನು, ಒಬ್ಬ’ ಎಂದಷ್ಟೇ ಅದರಲ್ಲಿದೆ ಎಂದೆ. ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಆ ಮೂಲಪುರುಷನನ್ನು ಏನೆಂದು ಕರೆಯಬೇಕೋ ತಿಳಿಯದೆ ನಿನ್ನ ಅಪ್ಪ ವರ್ಷವೂ ತಡವರಿಸುತ್ತಾನೆಂದೆ. ಕಾಗದದಲ್ಲಿ ಇಲ್ಲದ್ದು ನನ್ನ ಬಾಯಲ್ಲಿದೆ. ಕಾಲು ಚಾಚಿ ಕೇಳು.

ಅಗೋ, ನಮ್ಮ ಈ ಗುಡದಳ್ಳಿಯ ಪಡುವಣಕ್ಕೆ ಕಾಣುತ್ತಿರುವುದೇ ತಾಟಿನಗುಡ್ಡ. ತಾಟಿನ ಹಾಗೆ ಚಪ್ಪಟೆಯಿಲ್ಲ, ದುಂಡಗೂ ಇಲ್ಲ. ಎತ್ತಿನ ಹಿಣಿಲಿನಂತೆ ಚೂಪಾಗಿ ಎದ್ದಿದೆ. ಮತ್ತೆ ಈ ಹೆಸರೇಕೆ ಎಂದು ಬಂದವರೆಲ್ಲ ಕೇಳುತ್ತಾರೆ. ನೆತ್ತಿಯ ಮೇಲೆ ಒಂದು ಕಲ್ಲುಕಟ್ಟೆ, ಕಟ್ಟೆಯ ನಡುವೆ ಉಳಿಯಿಂದ ಕೊರೆದ ದುಂಡು ಗೆರೆ, ಅದರೊಳಗೆ ಒಂದು ಚುಕ್ಕಿ. ದೇವರ ಗುರುತೆಂದು ಕೆಲವರು ಕುಂಕುಮ ಹಚ್ಚುತ್ತಾರೆ. ಹಚ್ಚಲಿ ಬಿಡು, ಅಲ್ಲಿ ನಿಂತವಳೇನು ಕಡಿಮೆಯವಳಲ್ಲ.

ಹಿಂದೆ ಒಮ್ಮೆ, ಕಂಪನಿಯ ದೊರೆಗಳು ನಾಡನ್ನೆಲ್ಲ ಅಳೆಯುತ್ತ ಬಂದ ಕಾಲದಲ್ಲಿ, ಒಬ್ಬ ಅಳತೆಯ ದೊರೆ ಈ ಗುಡ್ಡವನ್ನೇರಿ ಕಟ್ಟೆ ಕಟ್ಟಿಸಿ, ಅಳತೆಗೆಂದು ಆ ದುಂಡು ಗುರುತು ಕೊರೆಸಿದನಂತೆ. ಅವನ ಲೆಕ್ಕಕ್ಕೆ ಇಲ್ಲಿಂದ ಎಂಟು ಹರದಾರಿ ದೂರದ ಮೂಡಣ ಗುಡ್ಡಕ್ಕೆ ಬೆಳಕು ಕಾಣಬೇಕಿತ್ತು. ಅದಕ್ಕಾಗಿ ಒಂದು ಕನ್ನಡಿ ಕೊಟ್ಟು, ಊರಿನ ಗಟ್ಟಿ ಆಳೊಬ್ಬನನ್ನು ನಿಲ್ಲಿಸಿದನು. ಅವನು ಗಾಳೆವ್ವ ಎಂಬಾಕೆಯ ಗಂಡ. ನೆಟ್ಟ ಗೂಟದ ತೂತಿನಲ್ಲಿ ಬಿಸಿಲನ್ನು ಹಾಯಿಸಿ ಆಚೆ ಗುಡ್ಡಕ್ಕೆ ಎಸೆಯುವುದು ಅವನ ಕೆಲಸ. “ಅಲ್ಲಿಂದ ನಾನು ಮೂರು ಸಲ ಮಿಂಚಿಸುವ ತನಕ ನಿನ್ನ ಬೆಳಕು ತಪ್ಪಕೂಡದು. ತಪ್ಪಿದರೆ ಬೆನ್ನಿಗೆ ಚಾಟಿ, ಕಾಲಿಗೆ ಬೇಡಿ” ಎಂದು ಹೇಳಿಸಿ ದೊರೆ ಆಚೆ ಗುಡ್ಡಕ್ಕೆ ಹೊರಟುಹೋದನು.

ಆರು ದಿನ ಬೆಳಕು ತಪ್ಪಲಿಲ್ಲ. ಏಳನೆಯ ದಿನ ಗಾಳಿಗೆ ಕನ್ನಡಿ ಉರುಳಿ, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಬೇರೆಯವನಾದರೆ ಹಾಗೆಯೇ ಹಿಡಿಯುತ್ತಿದ್ದ. ಇವನ ಹೆಂಡತಿ ಗಾಳೆವ್ವ ಆಗ ಏಳು ತಿಂಗಳ ಬಸುರಿ. ಒಡೆದ ಕನ್ನಡಿಯ ಬೆಳಕು ಬಸುರಿಯಿರುವ ಮನೆಯ ಕಡೆ ಬೀಳಬಾರದೆಂದು ನಮ್ಮಲ್ಲಿ ನಂಬಿಕೆ. ಪುಣ್ಯಾತ್ಮ ಹಿಂದುಮುಂದು ನೋಡದೆ ಗುಡ್ಡವಿಳಿದು, ಸರಕಾರದ ಕನ್ನಡಿಯನ್ನು ಕೆರೆಗೆ ಎಸೆದು ಕೈ ತೊಳೆದುಕೊಂಡ! ಮನೆಗೆ ಬಂದು ಕೂತ ಮೇಲೆ ಚಾಟಿ ನೆನಪಾಯಿತು.

“ಎಸೆದ್ಯಾ? ಸರಕಾರದ್ದು ಎಸೆದ್ಯಾ?” ಎಂದಳು ಗಾಳೆವ್ವ.

“ನಿನ್ನ ಸಲುವಾಗಿ, ಕೂಸಿನ ಸಲುವಾಗಿ...”

“ಕೂಸು ಹುಟ್ಟಿ ಅಪ್ಪ ಎಲ್ಲಿ ಅಂತ ಕೇಳಿದ್ರ, ಬೇಡಿ ಹಾಕ್ಕೊಂಡು ಹ್ವಾದ ಅಂತ ಹೇಳ್ಲೇನು? ಏಳು, ಅಳೂದು ಆಮ್ಯಾಲ.”

ತವರಿನವರು ಕೊಟ್ಟ ಹಿತ್ತಾಳೆಯ ತಾಟೊಂದು ಅವಳ ಬಳಿ ಇತ್ತು. ಹುಣಸೆಹುಳಿ ಹಚ್ಚಿ, ಬೂದಿ ಹಾಕಿ, ತನ್ನ ಮುಖ ಕಾಣುವ ತನಕ ತಿಕ್ಕಿದಳು. ಸೆರಗು ಬಿಗಿದು, ಹೊಟ್ಟೆಯ ಮೇಲೊಂದು ಕೈಯಿಟ್ಟುಕೊಂಡು, ಗಂಡನನ್ನು ಮುಂದೆ ಬಿಟ್ಟು ಗುಡ್ಡ ಹತ್ತಿದಳು. ತಾಟಿನ ಬೆಳಕು ಚದರುತ್ತಿತ್ತು. ಅವನು ತೂತಿನ ಹಿಂದೆ ಕಣ್ಣಿಟ್ಟು “ಎಡಕ್ಕ, ಇನ್ನಷ್ಟು ಎಡಕ್ಕ” ಎನ್ನುವನು. ಅವಳು ತೋಳು ಸೋತರೂ ಇಳಿಸದೆ ತಾಟನ್ನು ತಿರುಗಿಸುವಳು. ಹೀಗೆ ಎರಡು ದಿನ ಕಳೆಯಿತು. ಮೂರನೆಯ ದಿನ ಹೊತ್ತು ಬಾಗುವಾಗ ಆಚೆ ಗುಡ್ಡದಲ್ಲಿ ಮಿಂಚಿತು. ಒಂದು. ಎರಡು. ಮೂರು. ಇಬ್ಬರೂ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕರು ಎನ್ನುತ್ತಾರೆ.

ದೊರೆ ಗುಮಾಸ್ತನನ್ನು ಕರೆದುಕೊಂಡು ಮರಳಿ ಬಂದನು. ಅವನು ಬರುವುದನ್ನು ಕಂಡದ್ದೇ ಗಂಡ ಬಂಡೆಯ ಹಿಂದೆ ಅಡಗಿದನು. ಕಟ್ಟೆಯ ಬಳಿ ಗಾಳೆವ್ವನೊಬ್ಬಳೇ.

“ಬಿಳೀ ಬೆಳಕು ನಡುವೆ ಅರಿಶಿನ ಬಣ್ಣಕ್ಕೆ ತಿರುಗಿದ್ದು ಹ್ಯಾಗೆ ಅಂತ ದೊರೆ ಕೇಳ್ತಾರೆ” ಎಂದ ಗುಮಾಸ್ತ.

ಅವಳು ತಾಟು ತೋರಿಸಿದಳು. “ಬೆಳಕಿನ ಬಣ್ಣ ತಗೊಂಡು ಏನ್ಮಾಡ್ತೀರಿ? ಗುಡ್ಡ ಕಂಡ್ತಿಲ್ಲೋ?”

ದೊರೆ ತಾಟಿನಲ್ಲಿ ತನ್ನ ಕೆಂಪು ಮೂಗು ಕಂಡು ಗಟ್ಟಿಯಾಗಿ ನಕ್ಕನಂತೆ. ಚಾಟಿಯ ಮಾತು ಅಲ್ಲಿಗೆ ಮುಗಿಯಿತು. ಕೆಲಸ ಮಾಡಿದವನ ಹೆಸರು ಬರೆದುಕೋ ಎಂದು ಅಪ್ಪಣೆಯಾಯಿತು.

“ನಿನ್ನ ಗಂಡನ ಹೆಸರೇನು?”

ಗಾಳೆವ್ವ ತಲೆ ತಗ್ಗಿಸಿದಳು. ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳುವುದುಂಟೇ? “ಪದದಾಗ ಹೆಸರಿಟ್ಟು ಒಡಪು ಕಟ್ಟಿ ಹೇಳ್ತೀನ್ರಿ. ನಾಕು ಮಂದಿ ಹೆಣ್ಮಕ್ಕಳನ್ನ ಕರೀರಿ.”

“ಅಷ್ಟು ಪುರಸೊತ್ತು ಯಾರಿಗೈತಿ!” ಎಂದು ಗುಮಾಸ್ತ ‘ಗುಡದಳ್ಳಿಯ ಕನ್ನಡಿಯವನು, ಒಬ್ಬ’ ಎಂದು ಗೀಚಿ ಇಳಿದುಹೋದನು. ಅದೇ ತಂಗಿ, ನಿನ್ನ ಕಾಗದ.

ಅವಳು ಮಾತ್ರ ಸುಮ್ಮನಿರಲಿಲ್ಲ. ಸಂಜೆ ಊರ ಹೆಂಗಸರನ್ನೆಲ್ಲ ಗುಡ್ಡಕ್ಕೆ ಕರೆದೊಯ್ದು, ಕಟ್ಟೆಯ ಮೇಲೆ ನಿಂತು ಒಡಪು ಹೇಳಿದಳು:

“ಹಿತ್ತಾಳಿ ತಾಟಿಗೆ ಹುಣಸಿಹುಳಿ ಹಚ್ಚಿ ತಿಕ್ಕೀನಿ,
ಹುಲಗಪ್ಪ ಹಿಡಿದ ಸೂರ್ಯಾಗ ನಾ ಪಾಲು ಕೇಳೀನಿ.”

ಕೇಳಿದೆಯಾ? ಹುಲಗಪ್ಪ. ಅವನು ನನ್ನ ಗಂಡನಲ್ಲ ನೋಡು, ನಾನು ಬಾಯ್ತುಂಬ ಹೇಳಬಲ್ಲೆ. ಅಂದಿನಿಂದ ಗುಡ್ಡ ತಾಟಿನಗುಡ್ಡವಾಯಿತು. ಇಂದಿಗೂ ಈ ಊರಿಗೆ ಬಂದ ಹೊಸ ಸೊಸೆ ಮೊದಲ ಒಡಪು ಹೇಳುವುದು ಆ ಕಟ್ಟೆಯ ಮೇಲೆಯೇ. ಹತ್ತಿ ಹೋದರೆ ದುಂಡು ಗೆರೆಯ ಸುತ್ತ ಅರಿಶಿನದ ಕಲೆ ಕಾಣುತ್ತದೆ, ಅವರ ಕೈಯದು.

ಮುಂದೆ ಯಾರು ಏನಾದರೆಂದು ಕೇಳುತ್ತೀಯಾ? ದೊರೆ ಅಳೆಯುತ್ತ ಅಳೆಯುತ್ತ ಬಡಗಣಕ್ಕೆ ಹೋದನು, ತಿರುಗಿ ಈ ಕಡೆ ಬರಲಿಲ್ಲ. ಗುಮಾಸ್ತನ ಹೆಸರು ಈಗ ಯಾರಿಗೂ ತಿಳಿಯದು. ಹುಲಗಪ್ಪ ಮತ್ತೆಂದೂ ಕನ್ನಡಿ ಮುಟ್ಟಲಿಲ್ಲ. ಮುಖ ನೋಡಿಕೊಳ್ಳಬೇಕೆನಿಸಿದರೆ ಹೆಂಡತಿಯ ತಾಟಿನಲ್ಲಿ ನೋಡಿಕೊಂಡು ಮುದುಕನಾದನು. ಹೊಟ್ಟೆಯಲ್ಲಿದ್ದ ಕೂಸು ಹೆಣ್ಣು. ಆ ಬಳ್ಳಿ ನಾನು. ಅವಳ ಬೆನ್ನಿಗೆ ಹುಟ್ಟಿದ ತಮ್ಮನ ಮಗ ಸೊಲ್ಲಾಪುರದ ಗಿರಣಿಗೆ ಹೋದನು. ಆ ಬಳ್ಳಿ ನೀನು. ಗಾಳೆವ್ವ ಮರಿಮಕ್ಕಳನ್ನು ಕಂಡು ಕಣ್ಣು ಮುಚ್ಚಿದಳು. ಅವಳ ಹೆಸರು ಮೊಮ್ಮಗಳಿಂದ ಮೊಮ್ಮಗಳಿಗೆ ಇಳಿದು ಬಂದಿದೆ. ಈಗ ಅದು ನನ್ನದು. ತಾಟು ಅಗೋ, ಬಾಗಿಲ ಬದಿಯ ಗೂಡಿನಲ್ಲಿದೆ. ನೀನು ಈಗ ನೀರು ಕುಡಿದ ಚೊಂಬು ಅದರ ಮೇಲೆಯೇ ಬಂದದ್ದು.

ಇನ್ನು ನೀನು. ಲೇಖನಿ ತೆಗೆ, ಗುಮಾಸ್ತ ಬಿಟ್ಟ ಜಾಗದಲ್ಲಿ ಎರಡು ಹೆಸರು ಬರೆ. ಈ ಸಲ ನಿನ್ನ ಅಪ್ಪ ತಡವರಿಸದೆ ಎಡೆ ಇಡಲಿ.