ಉಂಗುರ ತೊಟ್ಟ ಗೀಜಗ

ಹಕ್ಕಿಗಳು ಜೋಡಿ ಆರಿಸಿಕೊಳ್ಳುವ ಬಗೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಇಂದುಮತಿ, ಗುರುತಿಗೆಂದು ಒಬ್ಬ ಗೀಜಗನ ಕಾಲಿಗೆ ಕೆಂಪು ಉಂಗುರ ತೊಡಿಸಿ ಬಿಟ್ಟಳು. ಮರುದಿನವೇ ಅವನ ಅರೆಗೂಡು ನೋಡಲು ಹೆಣ್ಣುಹಕ್ಕಿಯೊಬ್ಬಳು ಬಂದಳು. ಗೀಜಗನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ‘ಇಷ್ಟು ದಿನ ಯಾರೂ ಇತ್ತ ತಲೆಹಾಕಿರಲಿಲ್ಲ. ಇವಳು ಮೆಚ್ಚಿ ಬಂದದ್ದು ನನ್ನ ಹೆಣಿಗೆಯನ್ನೋ, ಈ ಉಂಗುರವನ್ನೋ?’ ಪರೀಕ್ಷಿಸಿಯೇ ಬಿಡೋಣವೆಂದು ಉಂಗುರದ ಕಾಲನ್ನು ಹೊಟ್ಟೆಯ ಗರಿಯೊಳಗೆ ಮಡಚಿಕೊಂಡ.

ಅವಳು ಗೂಡಿನ ಒಂದೊಂದು ಎಳೆಯನ್ನೂ ಜಗ್ಗಿ ನೋಡಿದಳು. “ಹೆಣಿಗೆ ಬಲು ಗಟ್ಟಿ, ಮಹಾರಾಯ. ಆದರೆ ಒಂದೇ ಕಾಲಲ್ಲಿ ಜೋತುಬಿದ್ದು ಉಳಿದರ್ಧವನ್ನು ನೀನು ಎಂದಿಗೆ ಮುಗಿಸುತ್ತೀ?” ಎಂದವಳೇ ಪಕ್ಕದ ಗೂಡಿಗೆ ಹಾರಿದಳು.

“ಅಯ್ಯೋ, ಎರಡೂ ಕಾಲಿವೆ!” ಎಂದು ಗೀಜಗ ಕೂಗುವಷ್ಟರಲ್ಲಿ, ಮರದ ಕೆಳಗೆ ಇಂದುಮತಿ ಬರೆದುಕೊಂಡಾಗಿತ್ತು: ‘ಉಂಗುರ ಕಾಣದಿದ್ದರೆ ಹೆಣ್ಣುಹಕ್ಕಿ ಒಪ್ಪುವುದಿಲ್ಲ.’