ತೆರೆಯ ಆ ಬದಿ

ಸಿನಿಮಾ ನೋಡುವುದನ್ನು ಕಲಿಯಲು ಚೆನ್ನಾಜಮ್ಮನವರ ಬಳಿಗೆ ಹೋದವರಿಗೆ ಅವರು ಮೊದಲ ವಾರ ಸಿನಿಮಾ ತೋರಿಸುತ್ತಿರಲಿಲ್ಲ.

"ಹೊಳೆ ದಂಡೆಗೆ ಹೋಗಿ ಕೂತುಕೊಳ್ಳಿ. ಕಂಡದ್ದನ್ನು ಸಂಜೆ ಬಂದು ಹೇಳಿ," ಎನ್ನುತ್ತಿದ್ದರು.

ವಿಶ್ವವಿದ್ಯಾಲಯದಲ್ಲಿ ಬಹಳ ಕಾಲ ಚಲನಚಿತ್ರ ವಿಮರ್ಶೆ ಕಲಿಸಿ ನಿವೃತ್ತರಾದವರು. ಅಣೆಕಟ್ಟೆಯ ಹಿನ್ನೀರಿನ ಪಕ್ಕ ಒಂದು ಹೆಂಚಿನ ಮನೆಯಲ್ಲಿದ್ದರು. ಬೇಸಿಗೆ ಬಂತೆಂದರೆ ವಿಭಾಗದವರು ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಅವರಲ್ಲಿಗೆ ಕಳಿಸುತ್ತಿದ್ದರು.

ಆ ಸಲ ಬಂದವರಲ್ಲಿ ಕುಮುದಾ ಒಬ್ಬಳು. ಅವಳ ಮನೆಯಲ್ಲಿ ಪುಸ್ತಕ ಮುಟ್ಟಿದವಳು ಅವಳೊಬ್ಬಳೇ. ಯಾರೂ ಓದು ಎನ್ನದಿದ್ದರೂ ಹುಡುಕಿಕೊಂಡು ಓದಿದವಳು. ಅದರ ಬಿಗುಮಾನ ಅವಳಿಗಿತ್ತು. ಇರಬೇಕಾದದ್ದೇ.

ಒಂದು ದಿನ ಗುರು ಚೆನ್ನಾಜಮ್ಮನವರು ಅಟ್ಟದಿಂದ ತಗಡಿನ ಡಬ್ಬಿಯೊಂದನ್ನು ಇಳಿಸಿದರು.

"ಈ ನೀರಿನ ಕೆಳಗೆ ಒಂದು ಊರಿದೆ. ಮುಳುಗುವ ಮುಂಚೆ ಯಾರೋ ಅದರ ಚಿತ್ರ ತೆಗೆದರು. ಇದೇ ಅದು. ಮಾತಿಲ್ಲ. ಹೆಸರಿದ್ದ ಸುರುಳಿ ಎಂದೋ ಹಾಳಾಯಿತು. ಬೇರೆ ಪ್ರತಿಯೂ ಇಲ್ಲ. ಉಳಿದದ್ದು ಇನ್ನೊಂದು ಸಲ ಓಡಿದರೆ ಹೆಚ್ಚು. ನಾಳೆ ಸಂಜೆ ದಂಡೆಯಲ್ಲಿ ಓಡಿಸೋಣ."

"ಆಮೇಲೆ ಮೇಡಂ?" ಎಂದಳು ಕುಮುದಾ.

"ಆಮೇಲೆ ನೀವು ಬರೆದದ್ದೇ ಚಿತ್ರ. ಒಬ್ಬರ ಬರಹವನ್ನು ಆರಿಸಿ ಈ ಡಬ್ಬಿಯಲ್ಲಿಡುತ್ತೇನೆ. ಆ ಊರಿನವರು ಹೇಗಿದ್ದರು ಅಂತ ಮುಂದೆ ಯಾರಾದರೂ ಕೇಳಿದರೆ ಅದನ್ನೇ ಓದಬೇಕು."

ಡಬ್ಬಿಯಲ್ಲಿ ಇರಬೇಕಾದದ್ದು ತನ್ನ ಬರಹವೇ ಎಂದು ಕುಮುದಾ ಆಗಲೇ ತೀರ್ಮಾನಿಸಿದಳು.

ಮರುದಿನ ಬಿಳಿ ಹಾಳೆ ತರಲು ಪೇಟೆಗೆ ಹೋದವಳಿಗೆ ಬಸ್ಸು ತಡವಾಯಿತು. ದಾರಿ ಹಿಡಿದರೆ ಸುತ್ತು ಎಂದು ಮರಳಿನಲ್ಲೇ, ನೀರಿನ ಕಡೆಯಿಂದ ನಡೆದು ಬಂದಳು.

ಹೊತ್ತು ಮುಳುಗಿತ್ತು. ಎರಡು ಬಿದಿರು ಗಳುಗಳ ನಡುವೆ ಕಟ್ಟಿದ ಬಿಳಿ ಪಂಚೆಯ ಮೇಲೆ ಚಿತ್ರ ಶುರುವಾಗಿಬಿಟ್ಟಿತ್ತು. ಎದುರಿಗೆ ಜನವೋ ಜನ. ಅಕ್ಕಪಕ್ಕದ ಹಳ್ಳಿಯವರೂ ಬಂದಿದ್ದಾರೆ ಎಂದುಕೊಂಡಳು.

ಒಬ್ಬಳು ಮುದುಕಿ ಸರಿದು ಜಾಗ ಕೊಟ್ಟಳು.

"ಕೂತ್ಕೊ ಮಗ. ನಿಂತ್ರೆ ಹಿಂದ್ಲೋರಿಗೆ ಕಾಣಾಕಿಲ್ಲ."

ಕೂತಳು. ಮರಳು ಒದ್ದೆಯಾಗಿತ್ತು.

ಮುದುಕಿ ಮಡಿಲಿಗೆ ಕೈ ಹಾಕಿ ಹುರಿಗಡಲೆ ತೆಗೆದಳು. ಕುಮುದಾ ತೆರೆಯಿಂದ ಕಣ್ಣು ಕೀಳದೆ ಅಂಗೈ ಒಡ್ಡಿದಳು. ಬಾಯಿಗೆ ಹಾಕಿಕೊಂಡರೆ ಕಡಲೆ ಮೆತ್ತಗೆ, ತಣ್ಣಗೆ. ಉಳಿದದ್ದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅಗೋ, ನಮ್ಮ ಜಗಲಿ," ಎಂದಿತು ಹಿಂದಿನಿಂದ ಒಂದು ದನಿ.

"ನಿನ್ನ ಗಂಡ ನೋಡೇ, ಅಲ್ಲೂ ಗೊರಕೆ ಹೊಡೀತಾವ್ನೆ," ಎಂದಳು ಮುದುಕಿ.

ಸುತ್ತಲಿನವರು ನಕ್ಕರು.

"ಶ್... ಸುಮ್ಮನೆ ನೋಡ್ರಿ," ಎಂದಳು ಕುಮುದಾ.

ಎಲ್ಲರೂ ಒಮ್ಮೆಗೇ ಸುಮ್ಮನಾದರು. ಒಂದು ಕೆಮ್ಮು ಕೂಡ ಇಲ್ಲ.

ಚಿತ್ರ ಮುಗಿಯುತ್ತಲೇ, ಕಂಡದ್ದು ಎಲ್ಲಿ ಚೆದುರಿಹೋದೀತೋ ಎಂದು ಅವಳು ಯಾರ ಮುಖವನ್ನೂ ನೋಡದೆ ಎದ್ದು ಹೋಗಿ ಬರೆಯಲು ಕೂತಳು.

ಬೆಳಿಗ್ಗೆ ರಿಯಾಜ್ ಅವಳ ಹಾಳೆಗಳ ಮೇಲೆ ಕಣ್ಣಾಡಿಸಿದ. ಅವನೂ ಅವಳ ತರಗತಿಯವನೇ.

"ಎಡಗೈಯಲ್ಲಿ ಉಣ್ಣುತ್ತಾರಾ? ನಾನು ನೋಡಿದ ಚಿತ್ರದಲ್ಲಿ ಬಲಗೈಯಲ್ಲೇ ಉಣ್ಣುತ್ತಿದ್ದರಲ್ಲೇ ಮಾರಾಯ್ತಿ."

"ನೋಡುವುದು ಬೇರೆ, ಕಾಣುವುದು ಬೇರೆ ಕಣೋ."

"ಸರಿ ತಾಯಿ, ಕಂಡವಳು ನೀನು. ನಿನಗೆ ಅಂತ ಚಾಪೆಯಲ್ಲಿ ಜಾಗ ಹಿಡಿದಿಟ್ಟಿದ್ದೆ. ಬರಲೇ ಇಲ್ಲ."

"ಜನರ ನಡುವೆ ಕೂತಿದ್ದೆ. ನಿನ್ನ ಚಾಪೆ ನನಗೇಕೆ?"

ರಿಯಾಜ್ ಅವಳನ್ನೊಮ್ಮೆ ನೋಡಿ ಹಾಳೆಗಳನ್ನು ಕೆಳಗಿಟ್ಟ.

ಗುರುವಿನ ಮುಂದೆ ಕುಮುದಾ ದನಿ ಎತ್ತಿ ಓದಿದಳು. ಈ ಊರಿನವರು ಎಡಗೈಯಲ್ಲಿ ಉಣ್ಣುತ್ತಾರೆ, ಎಡಗೈಯಲ್ಲಿ ಹರಸುತ್ತಾರೆ. ಮದುಮಗಳು ಎಡಗಾಲಿಟ್ಟು ಹೊಸಿಲು ದಾಟುತ್ತಾಳೆ. ನಿರ್ದೇಶಕ ಬೇಕೆಂದೇ ಹೀಗೆ ತೋರಿಸಿದ್ದಾನೆ. ಅಮಂಗಳವನ್ನು ಮನೆಯೊಳಗೆ ಬಿಟ್ಟುಕೊಂಡವರು, ತಾವೇ ಮುಳುಗಡೆಯನ್ನು ಕರೆದುಕೊಂಡ ಜನ ಇವರು.

ಗುರು ಕಣ್ಣು ಮುಚ್ಚಿ ಕೇಳಿದರು.

"ಬೆಳಕು ಎಲ್ಲಿಂದ ಬರುತ್ತಿತ್ತು?"

"ಎದುರಿನಿಂದ ಮೇಡಂ. ಅದನ್ನೂ ಬರೆದಿದ್ದೇನೆ. ನೋಡುವವರ ಕಣ್ಣಿಗೇ ಬಂದು ಬೀಳುವ ಹಾಗೆ..."

ಗುರು ಅವಳ ಕೈಯಿಂದ ಒಂದು ಹಾಳೆ ತೆಗೆದುಕೊಂಡರು. ಅಕ್ಷರವಿದ್ದ ಮಗ್ಗುಲನ್ನು ಬಿಸಿಲಿಗೆ ತಿರುಗಿಸಿ, ಬೆನ್ನನ್ನು ಅವಳಿಗೆ ಹಿಡಿದರು.

"ಓದು."

ಅವಳದೇ ಅಕ್ಷರ. ಎಲ್ಲವೂ ತಿರುಗುಮುರುಗು.

"ನಾನು ತೆರೆಯ ಹಿಂದೆ ಕೂತಿದ್ದೆನೆ?"

"ಬಾ," ಎಂದು ಗುರು ಎದ್ದರು.

ದಂಡೆಯಲ್ಲಿ ಗಳುಗಳಿನ್ನೂ ನಿಂತಿದ್ದವು, ಪಂಚೆ ಗಾಳಿಗೆ ಆಡುತ್ತಿತ್ತು. ಈ ಬದಿಯಲ್ಲಿ ಚಾಪೆ, ಯಂತ್ರವಿಟ್ಟಿದ್ದ ಮೇಜು. ಆ ಬದಿಯಲ್ಲಿ ಗಳುವಿನ ಬುಡದಿಂದಲೇ ನೀರು.

"ಇಲ್ಲಿ ಮರಳಿತ್ತು," ಎಂದಳು ಕುಮುದಾ. "ತುಂಬ ಜನ ಕೂತಿದ್ದರು. ನೀರು ಏರಿತೇ ಮೇಡಂ?"

"ಬೇಸಿಗೆಯಲ್ಲಿ ನೀರು ಏರುವುದುಂಟೆ?"

"ಹಾಗಾದರೆ ತೆರೆಯನ್ನು ನೀರಂಚಿಗೇ ಯಾಕೆ ಕಟ್ಟಿಸಿದಿರಿ?"

"ಕೊನೆಯ ಸಲ ಅಲ್ಲವೇ? ಅವರೂ ನೋಡಲಿ ಅಂತ."

ಕುಮುದಾಳ ಕೈ ತಾನಾಗಿ ಸೆರಗಿನ ತುದಿಗೆ ಹೋಯಿತು. ಗಂಟು ಬಿಚ್ಚಿದಳು. ಹುರಿದ ಕಡಲೆ. ಒಂದೊಂದರಿಂದಲೂ ಬಿಳಿಯ ಮೊಳಕೆ ಹೊರಟಿತ್ತು.

ಗುರು ಅದನ್ನು ನೋಡಿದರು.

"ನಾನು ಬರೆದದ್ದೆಲ್ಲ ಸುಳ್ಳು," ಎಂದಳು ಕುಮುದಾ.

"ಎಡಗೈ ಸುಳ್ಳಲ್ಲ. ನೀನು ಕೂತ ಕಡೆಯಿಂದ ಅದು ಎಡಗೈಯೇ. ಮುಳುಗಡೆಯನ್ನು ತಾವೇ ಕರೆದುಕೊಂಡರು ಅಂತ ಬರೆದೆಯಲ್ಲ, ಅದನ್ನು ಎಲ್ಲಿ ಕೂತು ಕಂಡೆ?"

"ಅವರ ನಡುವೆ," ಎಂದಳು ಅವಳು.

"ಕಡಲೆ ಕೊಟ್ಟವಳ ಮುಖ ಹೇಗಿತ್ತು?"

ನೆನೆದಳು. ದನಿ ನೆನಪಿತ್ತು, ಅಂಗೈಗೆ ತಾಗಿದ ಬೆರಳುಗಳ ತಂಪು ನೆನಪಿತ್ತು. ಮುಖ ಇರಬೇಕಾದ ಕಡೆ ಬರೀ ಬಿಳಿಯ ತೆರೆ.

"ನಾನು ನೋಡಲಿಲ್ಲ. ಚಿತ್ರ ನೋಡುತ್ತಿದ್ದೆ."

ನೀರು ಗಳುವಿನ ಬುಡಕ್ಕೆ ಸಣ್ಣಗೆ ಬಡಿಯುತ್ತಿತ್ತು. ಅವಳು ಹಾಳೆಗಳನ್ನು ಉದ್ದಕ್ಕೆ ಹರಿದಳು. ಚೂರುಗಳನ್ನು ನೀರಿಗೆ ಹಾಕಲು ಹೋಗಿ, ಏನೋ ತೋಚಿ, ಕೈ ಹಿಂದೆಗೆದು ತನ್ನ ಮಡಿಲಿಗೇ ತುಂಬಿಕೊಂಡಳು.

"ಡಬ್ಬಿಯಲ್ಲಿ ರಿಯಾಜನ ಬರಹ ಇಡಿ ಮೇಡಂ. ಅವನು ಸರಿಯಾಗಿ ನೋಡಿದ್ದಾನೆ."

ಅದನ್ನು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಗುರುವಿಗೆ ತಿಳಿಯದೇ ಇರಲಿಲ್ಲ.

"ರಿಯಾಜ್ ಚಾಪೆಯ ಮೇಲೆ ಕೂತು ನೋಡಿದ. ಚೆನ್ನಾಗಿಯೇ ಬರೆದಿದ್ದಾನೆ. ಅವರ ಜೊತೆ ಕೂತು ಬಂದವಳು ನೀನೊಬ್ಬಳೇ."

"ಆದರೆ ಚಿತ್ರ ಇನ್ನು ಓಡುವುದಿಲ್ಲವಲ್ಲ. ನಾನು ಮತ್ತೆ ಏನನ್ನು ನೋಡಲಿ?"

ಗುರು ಗಳುಗಳಿಂದ ಪಂಚೆ ಬಿಚ್ಚಿ ಮಡಚಿ ಹೆಗಲಿಗೆ ಹಾಕಿಕೊಂಡರು. ಈಗ ಚಾಪೆಗೂ ನೀರಿಗೂ ನಡುವೆ ಏನೂ ಇರಲಿಲ್ಲ.

"ದಂಡೆಯಲ್ಲಿ ಕೂತುಕೊ. ಕಂಡದ್ದನ್ನು ಸಂಜೆ ಬಂದು ಹೇಳು. ಈ ಸಲ ಕಡಲೆ ನೀನು ತಗೊಂಡು ಹೋಗು."