ಬೀರಣ್ಣ ಸರಿಸಿದ ಹಂಚು

ನಮ್ಮ ಆಗರದ ಅಜ್ಜನವರು ಮಠ ಕಟ್ಟಿಸಿದವರಲ್ಲ, ಪೀಠವೇರಿದವರೂ ಅಲ್ಲ. ಕಡಲ ಹಿನ್ನೀರಿನ ಪಕ್ಕ, ಉಪ್ಪು ಬೆಳೆಯುವ ಆಗರದ ಅಂಚಿನಲ್ಲಿ, ಉಪ್ಪು ತುಂಬಿಡುವ ಹಂಚಿನ ಕೊಟ್ಟಿಗೆಯೇ ಅವರ ಆಶ್ರಮ. ಪೂರ್ವಾಶ್ರಮದ ಹೆಸರು ಕೇಳಿದವರ ಕೈಗೆ ಒಂದು ಹರಳು ಉಪ್ಪು ಹಾಕಿ ನಗುತ್ತಿದ್ದರಂತೆ. ಈಗ ಹೇಳುವ ಸಂಗತಿಗೆ ಮೂಗು ಮುರಿಯುವವರು ಮುರಿಯಲಿ, ನನಗೇನೂ ಬೇಜಾರಿಲ್ಲ. ಕಣ್ಣಾರೆ ಕಂಡವರ ಬಾಯಿಂದಲೇ ನಾನಿದನ್ನು ಕೇಳಿದ್ದೇನೆ.

ಮಧ್ಯಾಹ್ನದವರೆಗೆ ಬೆಂಕಿಯಂಥ ಬಿಸಿಲು, ಆಮೇಲೆ ಕಡಲ ಕಡೆಯಿಂದ ಗುಡುಗು, ಬಿರುಗಾಳಿ; ಅಂಥ ದಿನಗಳು. ಕಾವಿ ಕಂಡರೆ ಉರಿದು ಬೀಳುತ್ತಿದ್ದ ಬೀರಣ್ಣ ನಾಯಕ ಅಲ್ಲಿಗೆ ಹೋಗೆಂಬ ಹೆಂಡತಿಯ ಕಾಟ ತಾಳಲಾರದೆ ಅಜ್ಜನವರ ಮುಂದೆ ಬಂದು ನಿಂತ. ನಮಸ್ಕಾರ ಕೂಡ ಮಾಡಲಿಲ್ಲ, ಪುಣ್ಯಾತ್ಮ.

ಅವನ ಮನೆಯ ನಡುಕೋಣೆಯ ಮೇಲೆ ಒಂದು ಹಂಚು ಇಟ್ಟಲ್ಲಿ ನಿಲ್ಲುತ್ತಿರಲಿಲ್ಲ. ಎಲೆ ಅಲುಗದ ಹೊತ್ತಿನಲ್ಲೂ ತಾನಾಗಿ ಸರಿಯುತ್ತಿತ್ತು. ಮಂಗನ ಕಾಟವೆಂದು ಬಗೆದು ಸಾಕಾದ ಮೇಲೆ ಅವನು ಹಳೆಯ ಹಂಚನ್ನೆಲ್ಲ ಇಳಿಸಿ, ಗೆದ್ದಲು ತಿಂದ ಮರ ಬದಲಿಸಿ, ಒಂದನ್ನೊಂದು ಕಚ್ಚಿ ಕೂರುವ ಹೊಸ ಹಂಚು ಹೊದಿಸಿದ. ಸೂರು, ಮಾಡು ಎಲ್ಲ ಹೊಸದಾಯಿತು. ಮರುದಿನ ನೋಡಿದರೆ ಅದೇ ಜಾಗದಲ್ಲಿ ಹೊಸ ಹಂಚು ಗೇಣುದ್ದ ಸರಿದಿತ್ತು. ತಂತಿಯಿಂದ ಬಿಗಿದ. ತಂತಿ ತುಂಡಾಗಲಿಲ್ಲ, ಅದರ ಗಂಟನ್ನು ಯಾರೋ ನಿಧಾನವಾಗಿ ಬಿಚ್ಚಿದಂತಿತ್ತು.

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಹೊನ್ನಮ್ಮ ಆ ಕೋಣೆಗೆ ಕಾಲಿಡಲೊಲ್ಲಳು. ಮಾಡಿನ ಬಳಿ ಯಾರೋ ಏದುಸಿರು ಬಿಡುತ್ತಾರೆ ಎಂಬುದು ಅವಳ ಮಾತು. ಅಂದು ಸಂಜೆಯೇ ದೋಣಿಯಲ್ಲಿ ಹೊಳೆ ದಾಟಿ ಗಂಡನ ಮನೆಗೆ ಹೋಗುತ್ತೇನೆಂದು ಗಂಟುಮೂಟೆ ಕಟ್ಟಿದ್ದಳು. ತುಂಬಿದ ಬಸುರಿ, ಎದುರಿಗೆ ಬಿರುಗಾಳಿ. ಬೀರಣ್ಣನ ಎದೆ ಒಡೆದುಹೋಗಿತ್ತು.

ಅಜ್ಜನವರು ಎದ್ದು ಅವನೊಡನೆ ನಡೆದರು. ಕೋಣೆಯ ಮೂಲೆಯಲ್ಲಿ ಕುಳಿತು ಮೇಲೆ ನೋಡಿದರು.

"ಇಲ್ಲಿ ಹೋದವರು ಯಾರು, ತಮಾ?"

"ನಮ್ಮವ್ವ."

ಜೀವ ಹೋಗಲಾರದೆ ಒದ್ದಾಡುವಾಗ, ಮಲಗಿದವರ ನೇರಕ್ಕೆ ಒಂದು ಹಂಚು ಸರಿಸಿ ದಾರಿ ಮಾಡಿಕೊಡುವುದು ಆ ಕಡೆಯ ವಾಡಿಕೆ. ಹಿಂದಿನ ಮಳೆಗಾಲದಲ್ಲಿ ಬೀರಣ್ಣನೂ ಸರಿಸಿದ್ದ. ಆದರೆ ಮಳೆ ನೆಟ್ಟಗೆ ಅವ್ವನ ಮುಖಕ್ಕೇ ಬೀಳತೊಡಗಿತು. ನೋಡಲಾಗದೆ ಹಂಚನ್ನು ಮತ್ತೆ ಮುಚ್ಚಿಬಿಟ್ಟಿದ್ದ. ಅವ್ವ ಹೋದದ್ದು ಅದಾದ ಮೇಲೆ. ಯಾವ ಮಗ ತಾನೇ ಅದನ್ನು ನೋಡುತ್ತ ನಿಂತಾನು? ಇದನ್ನೆಲ್ಲ ಅವನು ಅಜ್ಜನವರ ಮುಂದೆ ಹೇಳಿಕೊಂಡ.

ಅಜ್ಜನವರು ಮೆಲ್ಲಗೆ ನುಡಿದರು: "ಮಳೆಗೆ ಅವಳು ಹೆದರಿರಲಿಲ್ಲ, ತಮಾ. ನೀನು ಹೆದರಿದೆ. ಹೋಗು, ನಿನ್ನ ಕೈಯಾರೆ ತೆಗೆ."

ಅವನು ಏಣಿ ಹತ್ತಿ ಹಂಚು ತೆಗೆಯುವುದಕ್ಕೂ ಮಳೆ ಧೋ ಎಂದು ಸುರಿಯುವುದಕ್ಕೂ ಸರಿಹೋಯಿತು. ಮೇಲಿಂದ ಬಗ್ಗಿ ನೋಡಿದ. ನೀರು ಒಳಗೆ ಬಿದ್ದು ನೆಲವೆಲ್ಲ ಹರಿಯುತ್ತಿತ್ತು. ನಡುವೆ, ಅವ್ವ ಮಲಗಿದ್ದಲ್ಲಿ, ಒಂದು ಚಾಪೆಯಷ್ಟು ಜಾಗ ಮಾತ್ರ ಒಣಗಿಯೇ ಇತ್ತು. ಹನಿಗಳು ಅಲ್ಲಿಗೆ ಇಳಿಯುತ್ತಿದ್ದವು, ನೆಲ ಮುಟ್ಟುತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತ ಹೊನ್ನಮ್ಮನೂ ಅದನ್ನು ಕಂಡಳು. ಅಜ್ಜನವರು ಆ ಜಾಗಕ್ಕೆ ಕೈಮುಗಿದು ಕುಳಿತಿದ್ದರು.

"ಅವ್ವಾ, ಹೋಗಿ ಬಾ," ಎಂದ ಬೀರಣ್ಣ.

ಆಗ ಆ ಒಣ ನೆಲ ಕಾಲ ಕಡೆಯಿಂದ ತಲೆಯ ಕಡೆಗೆ ನಿಧಾನವಾಗಿ ಒದ್ದೆಯಾಗುತ್ತ ಬಂತು. ಪೂರ್ತಿ ನೆನೆದ ಮೇಲೆ ಅಜ್ಜನವರು, "ಇನ್ನು ಮುಚ್ಚು," ಎಂದರು.

ಆ ಹಂಚು ಮತ್ತೆ ಅಲುಗಲಿಲ್ಲ. ಹೊನ್ನಮ್ಮ ಅದೇ ಕೋಣೆಯಲ್ಲಿ ಹೆತ್ತಳು. ಅಂದಿನಿಂದ ಊರಿನಲ್ಲಿ ಯಾರ ಜೀವ ಒದ್ದಾಡಿದರೂ ಬೀರಣ್ಣನೇ ಮಾಡು ಹತ್ತುತ್ತಿದ್ದ.

ಎಷ್ಟೋ ವರ್ಷಗಳ ಮೇಲೆ ಅಜ್ಜನವರು ಉಪ್ಪಿನ ಕೊಟ್ಟಿಗೆಯಲ್ಲಿ ಕೊನೆಯ ಬಾರಿ ಮಲಗಿದಾಗಲೂ ಹೊರಗೆ ಜಡಿಮಳೆ. ಬೀರಣ್ಣ ಹಂಚು ಸರಿಸಿದ. ಮಳೆ ನೆಟ್ಟಗೆ ಆ ಪೂಜ್ಯರ ಮುಖದ ಮೇಲೆ ಬಿತ್ತು. ಉಪ್ಪು ಕರಗುತ್ತದೆ, ಮುಚ್ಚು ಎಂದು ಕೆಳಗಿನಿಂದ ಯಾರೋ ಕೂಗಿದರು. ಬೀರಣ್ಣ ಅಳುತ್ತಲೇ ಹಂಚನ್ನು ಎದೆಗವಚಿಕೊಂಡು ಕುಳಿತಿದ್ದ. ಮುಚ್ಚಲಿಲ್ಲ.